ವೈದ್ಯರಿಗೊಂದು ಬೇರೆ ಬಾಗಿಲು

ಲಂಡನ್ನಿನಲ್ಲಿ 2008ರಲ್ಲಿ ಒಂದು ಚಿಕಿತ್ಸಾಲಯ ಶುರುವಾಯಿತು. ಅಲ್ಲಿಗೆ ರೋಗಿಗಳಾಗಿ ಬರುವವರು ವೈದ್ಯರೇ. ಖಿನ್ನತೆ, ಆತಂಕ, ಬೈಪೋಲಾರ್ ಕಾಯಿಲೆ, ಕುಡಿತದ ಅಥವಾ ಔಷಧಿಗಳ ಚಟ, ಬದುಕೇ ಸಾಕೆನ್ನಿಸುವ ಹಂತ, ಹೀಗೆ ಏನೇ ಇದ್ದರೂ ವೈದ್ಯರು ಮತ್ತು ದಂತವೈದ್ಯರು ಅಲ್ಲಿಗೆ ನೇರವಾಗಿ ಹೋಗಬಹುದು. ‘ಪ್ರಾಕ್ಟಿಷನರ್ ಹೆಲ್ತ್’ ಎಂಬುದು ಅದರ ಹೆಸರು. ಖರ್ಚನ್ನು ಭರಿಸುವುದು ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್. ಕಟ್ಟಿ ಬೆಳೆಸಿದವರು ಕ್ಲೇರ್ ಜೆರಾಡಾ ಎಂಬ ಜನರಲ್ ಪ್ರಾಕ್ಟಿಷನರ್.

ಎಲ್ಲರಿಗೂ ಉಚಿತ ಚಿಕಿತ್ಸೆ ಸಿಗುವ ದೇಶದಲ್ಲಿ ವೈದ್ಯರಿಗೆಂದೇ ಬೇರೆ ಚಿಕಿತ್ಸಾಲಯ ಯಾಕೆ ಬೇಕಾಯಿತು? ಉತ್ತರ ದಕ್ಷಾ ಎಮ್ಸನ್ ಎಂಬ ಭಾರತೀಯ ಮೂಲದ ವೈದ್ಯೆಯ ಬದುಕಿನಲ್ಲಿದೆ. ದಕ್ಷಾ ಸ್ವತಃ ಮನೋವೈದ್ಯೆ. ಓದುವ ಕಾಲದಿಂದಲೇ ಅವರಿಗೆ ಬೈಪೋಲಾರ್ ಕಾಯಿಲೆ ಇತ್ತು. ಸಹೋದ್ಯೋಗಿಗಳಿಗೆ ತಿಳಿದರೆ ವೃತ್ತಿಗೆ ಕುತ್ತು ಬಂದೀತೆಂದು ಅದನ್ನು ಮುಚ್ಚಿಟ್ಟುಕೊಂಡೇ ಕೆಲಸ ಮಾಡಿದರು. 2000ದ ಅಕ್ಟೋಬರಿನಲ್ಲಿ, ಹೆರಿಗೆಯಾದ ಮೂರು ತಿಂಗಳಿಗೆ, ಕಾಯಿಲೆ ಉಲ್ಬಣಿಸಿ ಮಗುವೂ ತಾಯಿಯೂ ಇಲ್ಲವಾದರು. ಸ್ವತಂತ್ರ ವಿಚಾರಣೆ ನಡೆದು 2003ರಲ್ಲಿ ವರದಿ ಬಂತು. ಆಕೆ ರೋಗಿಯೂ ವೈದ್ಯೆಯೂ ಆಗಿದ್ದರಿಂದಲೇ ಸಾಮಾನ್ಯ ರೋಗಿಗೆ ಸಿಗುವಷ್ಟು ಆರೈಕೆಯೂ ಸಿಕ್ಕಿರಲಿಲ್ಲ ಎಂಬುದು ಆ ವಿಚಾರಣೆಯಿಂದ ಹೊರಬಂದ ಸತ್ಯ. ಮಾನಸಿಕ ಕಾಯಿಲೆಗೆ ಅಂಟಿದ ಕಳಂಕ ಮನೋವೈದ್ಯರ ನಡುವೆಯೇ ಎಷ್ಟು ಗಟ್ಟಿಯಾಗಿದೆ ಎಂಬುದೂ ಬಯಲಾಯಿತು. ಐದು ವರ್ಷಗಳ ನಂತರ ಈ ಚಿಕಿತ್ಸಾಲಯದ ಬಾಗಿಲು ತೆರೆಯಿತು.

ವೈದ್ಯರು ಕಾಯಿಲೆ ಬಿದ್ದಾಗ ಏನಾಗುತ್ತದೆಂದು ವೈದ್ಯರಿರುವ ಯಾವ ಮನೆಯವರನ್ನು ಕೇಳಿದರೂ ಹೇಳುತ್ತಾರೆ. ನಿದ್ದೆ ಬರದಿದ್ದರೆ ಮಾತ್ರೆಯನ್ನು ತಾವೇ ಬರೆದುಕೊಳ್ಳುತ್ತಾರೆ. ತೀರಾ ಆಗದಿದ್ದರೆ ಕಾರಿಡಾರಿನಲ್ಲೋ ಕ್ಯಾಂಟೀನಿನಲ್ಲೋ ಸಿಕ್ಕ ಗೆಳೆಯನ ಹತ್ತಿರ, ಅದೂ ‘ನನ್ನ ಪೇಷೆಂಟ್ ಒಬ್ಬರಿಗೆ’ ಎಂಬಂತೆ ವಿಚಾರಿಸುತ್ತಾರೆ. ತಮ್ಮದೇ ಆಸ್ಪತ್ರೆಯ ಮನೋವೈದ್ಯ ವಿಭಾಗದ ಒಪಿಡಿ ಮುಂದೆ ಚೀಟಿ ಹಿಡಿದು ಕೂರುವುದಂತೂ ಸಾಧ್ಯವೇ ಇಲ್ಲ. ಪಕ್ಕದಲ್ಲಿ ನಿನ್ನೆ ತಾವೇ ನೋಡಿದ ರೋಗಿ ಕೂತಿರಬಹುದು, ಫೈಲು ತೆಗೆಯುವ ಸಿಸ್ಟರ್ ಪರಿಚಯದವರಿರಬಹುದು. ಎಲ್ಲಕ್ಕಿಂತ ದೊಡ್ಡದು ನೋಂದಣಿಯ ಭಯ. ಮೆಡಿಕಲ್ ಕೌನ್ಸಿಲ್‌ಗೆ ಗೊತ್ತಾದರೆ? ವೃತ್ತಿಯೇ ಹೋದರೆ? ವರ್ಷಗಟ್ಟಲೆ ಓದಿ ಗಳಿಸಿದ್ದನ್ನು ಒಂದು ಕಾಯಿಲೆಯ ಹೆಸರಿಗಾಗಿ ಪಣಕ್ಕಿಡಲು ಯಾರು ಮುಂದೆ ಬರುತ್ತಾರೆ?

ಪ್ರಾಕ್ಟಿಷನರ್ ಹೆಲ್ತ್ ಈ ಭಯಗಳಿಗೆ ಒಂದೊಂದಾಗಿ ಉತ್ತರ ಕಟ್ಟಿತು. ಯಾರ ಶಿಫಾರಸು ಪತ್ರವೂ ಬೇಡ, ವೈದ್ಯರು ತಾವೇ ಹೆಸರು ಕೊಟ್ಟುಕೊಳ್ಳಬಹುದು. ಅವರ ದಾಖಲೆಗಳು ಆಸ್ಪತ್ರೆಯ ಸಾಮಾನ್ಯ ದಾಖಲೆಗಳೊಂದಿಗೆ ಬೆರೆಯುವುದಿಲ್ಲ. ಮೊದಲು ಮಾತಾಡುವವರು ಅನುಭವಿ ಚಿಕಿತ್ಸಕರಾಗಿರುತ್ತಾರೆ. ನೈಟ್ ಡ್ಯೂಟಿ ಅಂದರೇನು, ರೋಗಿ ತೀರಿಕೊಂಡ ಮೇಲೆ ಬರುವ ನೋಟಿಸು ಅಂದರೇನು ಎಂದು ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮದ್ದು, ಆಪ್ತಸಮಾಲೋಚನೆ, ಚಟ ಬಿಡಿಸುವ ಚಿಕಿತ್ಸೆ ಇವೆಲ್ಲ ಇವೆ. ಅದರ ಜೊತೆಗೆ ವೈದ್ಯರದ್ದೇ ಗುಂಪುಗಳಿವೆ. ನನ್ನ ಕಣ್ಣಿಗೆ ಅತಿ ಮುಖ್ಯವಾಗಿ ಕಾಣುವುದು ಈ ಗುಂಪುಗಳೇ. ತನ್ನಂತೆಯೇ ಬಿಳಿ ಕೋಟಿನೊಳಗೆ ಕುಸಿದವರು ಇನ್ನೂ ಹತ್ತು ಮಂದಿ ಇದ್ದಾರೆಂದು ಎದುರಿಗೇ ಕಂಡಾಗ ಅರ್ಧ ಭಾರ ಇಳಿಯುತ್ತದೆ. ಈ ಸೇವೆಗೂ ವೈದ್ಯರ ನೋಂದಣಿ ನೋಡಿಕೊಳ್ಳುವ ಜನರಲ್ ಮೆಡಿಕಲ್ ಕೌನ್ಸಿಲ್‌ಗೂ ನಡುವೆ ಲಿಖಿತ ಒಪ್ಪಂದವಿದೆ. ರೋಗಿಗಳ ಸುರಕ್ಷತೆಗೆ ಧಕ್ಕೆ ಬಾರದ ತನಕ, ಚಿಕಿತ್ಸೆಯಲ್ಲಿರುವ ವೈದ್ಯರ ವಿಷಯ ಅಲ್ಲಿಗೆ ಹೋಗುವ ಅಗತ್ಯವಿಲ್ಲ.

ಆ ಕೌನ್ಸಿಲ್‌ನ ಕಥೆಯನ್ನೂ ಹೇಳಬೇಕು. 2005ರಿಂದ 2013ರ ನಡುವೆ, ದೂರುಗಳ ವಿಚಾರಣೆ ಎದುರಿಸುತ್ತಿದ್ದ 28 ವೈದ್ಯರು ಆತ್ಮಹತ್ಯೆ ಮಾಡಿಕೊಂಡಿದ್ದರು ಅಥವಾ ಹಾಗೆಂದು ಶಂಕಿಸಲಾಗಿತ್ತು. ಇದನ್ನು ಕೌನ್ಸಿಲ್ ತಾನೇ ಪರಿಶೀಲನೆ ನಡೆಸಿ 2014ರಲ್ಲಿ ಬಹಿರಂಗಪಡಿಸಿತು. ತನ್ನ ಪ್ರಕ್ರಿಯೆಯ ನೆರಳಿನಲ್ಲಿ ಸಂಭವಿಸಿದ ಸಾವುಗಳನ್ನು ಎಣಿಸಿ ಜನರ ಮುಂದಿಡುವುದು ಯಾವ ಸಂಸ್ಥೆಗೂ ಸುಲಭವಲ್ಲ.

2019ರಲ್ಲಿ ಸೇವೆ ಇಂಗ್ಲೆಂಡಿನ ಎಲ್ಲ ವೈದ್ಯರಿಗೂ ವಿಸ್ತರಿಸಿತು. ಕರ್ನಾಟಕದ ಕಾಲೇಜುಗಳಲ್ಲಿ ಓದಿ ಅಲ್ಲಿ ಕೆಲಸ ಮಾಡುತ್ತಿರುವ ನಮ್ಮವರೂ ಇದರಲ್ಲಿ ಸೇರಿದ್ದಾರೆ. ಮನೆಯವರಿಂದ ದೂರವಿದ್ದು, ವೀಸಾ ಕೂಡ ಕೆಲಸಕ್ಕೇ ಅಂಟಿಕೊಂಡಿರುವವರಿಗೆ ಇಂಥ ಬಾಗಿಲು ಇನ್ನೂ ಹೆಚ್ಚು ಬೇಕು. ಆದರೆ 2024ರ ಏಪ್ರಿಲ್‌ನಲ್ಲಿ, ಆಸ್ಪತ್ರೆ ವೈದ್ಯರ ಹೊಸ ನೋಂದಣಿ ನಿಲ್ಲಿಸುವುದಾಗಿ ಎನ್‌ಎಚ್‌ಎಸ್ ಇಂಗ್ಲೆಂಡ್ ಹೇಳಿತು. ವೈದ್ಯ ಸಮುದಾಯ ಸಿಡಿದೆದ್ದಿತು. ಕೆಲವೇ ದಿನಗಳಲ್ಲಿ ನಿರ್ಧಾರ ಹಿಂದಕ್ಕೆ ಹೋಯಿತು. ಒಳ್ಳೆಯ ಸೇವೆಯೂ ಬಜೆಟ್ಟಿನ ಒಂದು ಸಾಲಿನ ಮೇಲೆ ನಿಂತಿರುತ್ತದೆ.

ಅಮೆರಿಕದಲ್ಲಿ ದಾರಿ ಬೇರೆ. ನ್ಯೂಯಾರ್ಕಿನ ತುರ್ತು ಚಿಕಿತ್ಸಾ ವಿಭಾಗದ ಮುಖ್ಯಸ್ಥೆ ಲೋರ್ನಾ ಬ್ರೀನ್ ಕೋವಿಡ್‌ನ ಮೊದಲ ಅಲೆಯಲ್ಲಿ, 2020ರ ಏಪ್ರಿಲ್‌ನಲ್ಲಿ, ಪ್ರಾಣ ಕಳೆದುಕೊಂಡರು. ಮಾನಸಿಕ ಚಿಕಿತ್ಸೆ ಪಡೆದದ್ದು ತಿಳಿದರೆ ಲೈಸೆನ್ಸ್ ಹೋಗುತ್ತದೆಂದು ಆಕೆ ಹೆದರಿದ್ದರು ಎಂದು ಮನೆಯವರು ಹೇಳಿದ್ದಾರೆ. ನ್ಯೂಯಾರ್ಕ್ ರಾಜ್ಯದ ಲೈಸೆನ್ಸ್ ಅರ್ಜಿಯಲ್ಲಿ ಅಂಥ ಪ್ರಶ್ನೆಯೇ ಇರಲಿಲ್ಲ! ನಿಯಮ ಇಲ್ಲದಿದ್ದರೂ ಭಯ ಇರುತ್ತದೆ, ಆ ಭಯವೂ ಕೊಲ್ಲುತ್ತದೆ. ಆಕೆಯ ಹೆಸರಿನಲ್ಲೇ 2022ರ ಮಾರ್ಚ್‌ನಲ್ಲಿ ಒಂದು ಕಾಯ್ದೆ ಬಂತು. ಅದೇ ಕೋವಿಡ್ ಕಾಲದಲ್ಲಿ ಮೋನಾ ಮಸೂದ್ ಎಂಬ ಮನೋವೈದ್ಯೆ ‘ಫಿಸಿಷಿಯನ್ ಸಪೋರ್ಟ್ ಲೈನ್’ ಶುರು ಮಾಡಿದರು. ನೂರಾರು ಮನೋವೈದ್ಯರು ಬಿಡುವು ಮಾಡಿಕೊಂಡು, ಕಾಸು ಪಡೆಯದೆ ಸಹವೈದ್ಯರ ಕರೆ ಸ್ವೀಕರಿಸಿದರು.

ನಮ್ಮಲ್ಲಿ? ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆಯೊಂದು ವೈದ್ಯಕೀಯ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ 2024ರಲ್ಲಿ ವರದಿ ಕೊಟ್ಟಿತು. ಅದರ ಅಧ್ಯಕ್ಷರು ನಮ್ಮ ನಿಮ್ಹಾನ್ಸ್‌ನ ಪ್ರಾಧ್ಯಾಪಕ ಸುರೇಶ್ ಬಡಾ ಮಠ್. ಆನ್‌ಲೈನ್ ಸಮೀಕ್ಷೆಗೆ 25,590 ಎಂಬಿಬಿಎಸ್ ವಿದ್ಯಾರ್ಥಿಗಳೂ 5,337 ಪಿ.ಜಿ. ವಿದ್ಯಾರ್ಥಿಗಳೂ ಉತ್ತರಿಸಿದ್ದರು. ತಮಗೆ ಮಾನಸಿಕ ಕಾಯಿಲೆ ಇದೆ ಎಂದು ಎಂಬಿಬಿಎಸ್‌ನವರಲ್ಲಿ ಶೇ 27.8ರಷ್ಟು ಮಂದಿ ಹೇಳಿದರು. ಪಿ.ಜಿ.ಗಳಲ್ಲಿ ಶೇ 31ರಷ್ಟು ಮಂದಿಗೆ ಸಾಯುವ ಯೋಚನೆ ಬಂದಿತ್ತು. ಇಷ್ಟವಿದ್ದವರು ಮಾತ್ರ ಉತ್ತರಿಸುವ ಸಮೀಕ್ಷೆಯಾದ್ದರಿಂದ ಈ ಅಂಕಿಗಳು ಎಲ್ಲರ ಲೆಕ್ಕವಾಗಲಾರವು. ಆದರೂ ಇಷ್ಟು ಜನ ಬಾಯಿಬಿಟ್ಟು ಹೇಳಿದ್ದೇ ಸಾಕು, ಕೇಳಿಸಿಕೊಳ್ಳಲು.

ಪಿ.ಜಿ. ವಿದ್ಯಾರ್ಥಿಗಳ ಕೆಲಸ ವಾರಕ್ಕೆ 74 ಗಂಟೆ ಮೀರಬಾರದು, ವಾರಕ್ಕೊಂದು ರಜೆ ಬೇಕು ಎಂದು ಆ ಕಾರ್ಯಪಡೆ ಹೇಳಿತು. 1992ರಲ್ಲೇ ಕೇಂದ್ರ ಸರ್ಕಾರ ರೆಸಿಡೆಂಟ್ ವೈದ್ಯರಿಗೆ ನಿಗದಿ ಮಾಡಿದ್ದು ವಾರಕ್ಕೆ 48 ಗಂಟೆ. ಮೂವತ್ತು ವರ್ಷ ಕಳೆದ ಮೇಲೆ 74 ಗಂಟೆಯನ್ನೇ ಸುಧಾರಣೆ ಎಂದು ಕೇಳುವ ಸ್ಥಿತಿಗೆ ಬಂದಿದ್ದೇವೆ. ಸತತ ಮೂವತ್ತಾರು ಗಂಟೆ ಡ್ಯೂಟಿ ಮಾಡಿದ ಹುಡುಗಿಗೆ ಯೋಗ ಶಿಬಿರ ಏರ್ಪಡಿಸಿ ಕೈತೊಳೆದುಕೊಳ್ಳುವ ಕಾಲೇಜುಗಳು ಇದನ್ನು ಯೋಚಿಸಬೇಕು. ಆಕೆಗೆ ಮೊದಲು ಬೇಕಿರುವುದು ನಿದ್ದೆ. ಆಮೇಲೆ ಹೆದರಿಕೆಯಿಲ್ಲದೆ ಮಾತಾಡಲು ಒಂದು ಜಾಗ, ಅದೂ ಆಕೆಯ ಎಚ್‌ಒಡಿಯ ಕಣ್ಣಳತೆಯಿಂದ ಹೊರಗೆ.

ನೆರವು ಈಗಲೇ ಸ್ವಲ್ಪ ಇದೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಗೆ ನಿಮ್ಹಾನ್ಸ್ ಕೇಂದ್ರಸ್ಥಾನ. 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ. ಆದರೆ ಅದು ಎಲ್ಲರಿಗಾಗಿ ಇರುವ ಸೇವೆ. ನಿಮ್ಹಾನ್ಸ್‌ನಂಥ ಸಂಸ್ಥೆ ಇರುವ ನಮ್ಮ ರಾಜ್ಯದಲ್ಲೇ ವೈದ್ಯರಿಗೆಂದು ಪ್ರತ್ಯೇಕವಾದ, ಗುಟ್ಟು ಕಾಯುವ ಸೇವೆಯೊಂದು ಮೊದಲು ಶುರುವಾಗಬೇಕು. ಸರ್ಕಾರ, ಮೆಡಿಕಲ್ ಕೌನ್ಸಿಲ್ ಮತ್ತು ವೈದ್ಯರ ಸಂಘ ಕೂತು ಮಾತಾಡಿದರೆ ಇದು ಆಗದ ಕೆಲಸವಲ್ಲ. ಚಿಕಿತ್ಸೆ ಪಡೆದ ಕಾರಣಕ್ಕೇ ಯಾರ ನೋಂದಣಿಯೂ ಹೋಗುವುದಿಲ್ಲ ಎಂದು ಕೌನ್ಸಿಲ್ ಲಿಖಿತವಾಗಿ ಸಾರಲಿ.

ಇದನ್ನು ಓದುತ್ತಿರುವವರ ಮನೆಯಲ್ಲಿ ವೈದ್ಯರಿದ್ದರೆ, ಅವರು ಮೊದಲಿನಂತಿಲ್ಲ ಅನ್ನಿಸಿದರೆ, ‘ಡಾಕ್ಟರಲ್ಲವೇ, ಅವರಿಗೇ ಗೊತ್ತಿರುತ್ತದೆ’ ಎಂದು ಸುಮ್ಮನಾಗಬೇಡಿ. ಹತ್ತಿರ ಕೂತು ಹೇಗಿದ್ದೀರಿ ಎಂದು ಕೇಳಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿಯೇ ಕೇಳಬಹುದು, ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಅವರನ್ನು ಒಂಟಿಯಾಗಿ ಬಿಡಬೇಡಿ. ಪಕ್ಕದಲ್ಲೇ ಕೂತು 14416ಕ್ಕೆ ಕರೆ ಮಾಡಿ.