ಒಲೆಯ ಹೊಗೆ ಮತ್ತು ರಕ್ತದೊತ್ತಡ

ಕರಾವಳಿ ಹಾಗೂ ಮಲೆನಾಡಿನಿಂದ ಮುಂಬಯಿ, ಪುಣೆಗಳಿಗೆ ಬಂದು ನೆಲೆಸಿರುವ ನಮ್ಮಲ್ಲಿ ಅನೇಕರು ಊರಿನ ಮನೆಗೆ ಅಡುಗೆ ಅನಿಲದ ಸಂಪರ್ಕ ಮಾಡಿಸಿಕೊಟ್ಟು, ತಾಯಂದಿರನ್ನು ಹೊಗೆಯಿಂದ ಪಾರುಮಾಡಿದೆವೆಂಬ ಸಮಾಧಾನದಲ್ಲಿದ್ದೇವೆ. ಆದರೆ ರಜೆಯಲ್ಲಿ ಊರಿಗೆ ಹೋದಾಗ ಕಾಣುವ ದೃಶ್ಯ ಬೇರೆ. ಚಹಾ, ಒಗ್ಗರಣೆಗಳು ಗ್ಯಾಸಿನ ಮೇಲೆ. ಬೇಯಲು ಹೊತ್ತು ಹಿಡಿಯುವ ಕುಚ್ಚಲಕ್ಕಿ ಅನ್ನ ಕಟ್ಟಿಗೆಯ ಒಲೆಯ ಮೇಲೆ. ಬಚ್ಚಲಿನ ಹಂಡೆಯ ಕೆಳಗೆ ತೆಂಗಿನ ಮಡಲು, ಸಿಪ್ಪೆಗಳ ಬೆಂಕಿ. ಆ ಬೆಂಕಿಯ ಮುಂದೆ ಕುಳಿತು ಊದುವ ತಾಯಿಯೇ ರಾತ್ರಿ ರಕ್ತದೊತ್ತಡದ ಮಾತ್ರೆಯನ್ನೂ ನುಂಗುತ್ತಾರೆ. ಈ ಎರಡು ಸಂಗತಿಗಳಿಗೆ ಪರಸ್ಪರ ಸಂಬಂಧವಿರಬಹುದೆಂದು ನಾವು ಯೋಚಿಸುವುದಿಲ್ಲ. ಹೊಗೆಯಿಂದ ಕಣ್ಣುರಿ, ಕೆಮ್ಮು, ಉಬ್ಬಸ ಬರುತ್ತವೆಂಬುದು ಎಲ್ಲರಿಗೂ ತಿಳಿದಿದೆ. ಅದು ರಕ್ತನಾಳಗಳನ್ನೂ ಬಾಧಿಸುತ್ತದೆ ಎಂಬುದು ಅಷ್ಟಾಗಿ ತಿಳಿದಿಲ್ಲ.

ಕಟ್ಟಿಗೆ, ಬೆರಣಿ, ಇದ್ದಿಲುಗಳು ಪೂರ್ಣವಾಗಿ ಉರಿಯದಿದ್ದಾಗ ಹೊಗೆಯಲ್ಲಿ ಅತಿ ಸೂಕ್ಷ್ಮ ಕಣಗಳು ಹುಟ್ಟುತ್ತವೆ. 2.5 ಮೈಕ್ರಾನಿಗಿಂತ ಚಿಕ್ಕದಾದ ಕಣಗಳು ನಮ್ಮ ತಲೆಗೂದಲಿನ ದಪ್ಪದ ಇಪ್ಪತ್ತರಲ್ಲೊಂದು ಭಾಗದಷ್ಟೂ ಇರುವುದಿಲ್ಲವೆನ್ನಬಹುದು. ಮೂಗಿನ ರೋಮಗಳಾಗಲಿ ಗಂಟಲಿನ ತೇವವಾಗಲಿ ಇವನ್ನು ತಡೆಯಲಾರವು. ಇವು ಶ್ವಾಸಕೋಶದ ಕೊನೆಯ ಗಾಳಿಗೂಡುಗಳವರೆಗೂ ಇಳಿಯುತ್ತವೆ. ಅಲ್ಲಿಂದ ಮುಂದೆ ಮೂರು ಬಗೆಯ ತೊಂದರೆಗಳು ಆರಂಭವಾಗುತ್ತವೆ. ಮೊದಲನೆಯದಾಗಿ, ಶ್ವಾಸಕೋಶದ ನರಗಳು ಕೆರಳಿ, ಭಯವಾದಾಗ ಆಗುವಂತೆ ರಕ್ತನಾಳಗಳು ಬಿಗಿದುಕೊಳ್ಳುತ್ತವೆ. ಇದು ಕೆಲವೇ ನಿಮಿಷಗಳಲ್ಲಿಯೂ ಆಗಬಹುದು. ಎರಡನೆಯದಾಗಿ, ಶ್ವಾಸಕೋಶದಲ್ಲಿ ಉಂಟಾದ ಉರಿಯೂತದ ರಾಸಾಯನಿಕಗಳು ರಕ್ತದಲ್ಲಿ ಸೇರಿ ದೇಹವೆಲ್ಲ ಹರಡುತ್ತವೆ. ಮೂರನೆಯದಾಗಿ, ರಕ್ತನಾಳದ ಒಳಪದರವು ನಾಳವನ್ನು ಸಡಿಲಿಸಲು ತಯಾರಿಸುವ ನೈಟ್ರಿಕ್ ಆಕ್ಸೈಡಿನ ಪ್ರಮಾಣ ಕುಗ್ಗುತ್ತದೆ. ವರ್ಷಗಟ್ಟಲೆ ಹೀಗೆಯೇ ನಡೆದರೆ ನಾಳಗಳು ಪೆಡಸಾಗುತ್ತವೆ. ಒಮ್ಮೊಮ್ಮೆ ಏರಿ ಇಳಿಯುತ್ತಿದ್ದ ಒತ್ತಡ ಏರಿಯೇ ನಿಲ್ಲುತ್ತದೆ.

ಇದು ಬರಿಯ ತರ್ಕವಲ್ಲ. ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶದ ಗುಡ್ಡಗಾಡಿನಲ್ಲಿ ಸಂಶೋಧಕರು ಬಯಲು ಒಲೆಯಲ್ಲಿ ಅಡುಗೆ ಮಾಡುತ್ತಿದ್ದ ಕೆಲವು ಮನೆಗಳಿಗೆ ಚಿಮಣಿಯುಳ್ಳ ಒಲೆಯನ್ನು ಕಟ್ಟಿಸಿಕೊಟ್ಟು, ಹಳೆಯ ಒಲೆಯನ್ನೇ ಬಳಸುತ್ತಿದ್ದ ಮನೆಗಳೊಡನೆ ಹೋಲಿಸಿದರು. ಆ ಮನೆಗಳ 38 ವರ್ಷ ದಾಟಿದ ಮಹಿಳೆಯರ ರಕ್ತದೊತ್ತಡದ ವಿವರಗಳು 2007ರಲ್ಲಿ ಪ್ರಕಟವಾದವು. ಹಳೆಯ ಒಲೆಯವರು ಉಸಿರಾಡುತ್ತಿದ್ದ ಗಾಳಿಯಲ್ಲಿ ಘನ ಮೀಟರಿಗೆ 264 ಮೈಕ್ರೋಗ್ರಾಂ ಸೂಕ್ಷ್ಮಕಣಗಳಿದ್ದರೆ, ಚಿಮಣಿ ಒಲೆಯವರಲ್ಲಿ ಅದು 102. ಚಿಮಣಿ ಒಲೆಯವರ ರಕ್ತದೊತ್ತಡದ ಮೇಲಿನ ಅಂಕಿ ಸರಾಸರಿ 3.7, ಕೆಳಗಿನ ಅಂಕಿ 3.0 ಮಿಲಿಮೀಟರ್ ಕಡಿಮೆಯಿತ್ತು. ಚೀನಾದ ಯುನ್ನಾನ್ ಪ್ರಾಂತದ 280 ಗ್ರಾಮೀಣ ಮಹಿಳೆಯರನ್ನು ಕುರಿತು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿಯೂ, ಹೆಚ್ಚು ಹೊಗೆ ಸೇವಿಸಿದವರಲ್ಲಿ ಮೇಲಿನ ಅಂಕಿ ಹೆಚ್ಚಾಗಿತ್ತು. 50 ವರ್ಷ ದಾಟಿದವರಲ್ಲಿ ಈ ಪರಿಣಾಮ ಇನ್ನೂ ಸ್ಪಷ್ಟವಾಗಿತ್ತು.

ಮೂರು ನಾಲ್ಕು ಮಿಲಿಮೀಟರ್ ಅಂತರ ಅಲ್ಪವಲ್ಲವೇ ಎಂದು ಓದುಗರು ಕೇಳಬಹುದು. ಒಬ್ಬ ವ್ಯಕ್ತಿಯ ಮಟ್ಟಿಗೆ ಅದು ಅಲ್ಪವೇ. ಆದರೆ ಮೇಲಿನ ಅಂಕಿಯನ್ನು ಔಷಧಿಯಿಂದ 5 ಮಿಲಿಮೀಟರಿನಷ್ಟು ಇಳಿಸಿದರೆ ಹೃದಯಾಘಾತ, ಪಾರ್ಶ್ವವಾಯುವಿನಂತಹ ಗಂಭೀರ ಘಟನೆಗಳು ಸುಮಾರು ಶೇಕಡಾ 10ರಷ್ಟು ತಗ್ಗುತ್ತವೆಂದು ದೊಡ್ಡ ಪ್ರಮಾಣದ ಪರೀಕ್ಷೆಗಳು ತೋರಿಸಿವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದ 15 ವರ್ಷ ಮೇಲ್ಪಟ್ಟ ಮಹಿಳೆಯರಲ್ಲಿ ಶೇಕಡಾ 21.3 ಮಂದಿಗೆ ಅಧಿಕ ರಕ್ತದೊತ್ತಡವಿದೆ ಅಥವಾ ಅದಕ್ಕೆ ಔಷಧಿ ನಡೆಯುತ್ತಿದೆ. ಅದೇ ಸಮೀಕ್ಷೆಯ ಪ್ರಕಾರ ಅಡುಗೆಗೆ ಮುಖ್ಯವಾಗಿ ಶುದ್ಧ ಇಂಧನವನ್ನು ಬಳಸುವ ಕುಟುಂಬಗಳು ಶೇಕಡಾ 58.6 ಮಾತ್ರ. ಕೋಟ್ಯಂತರ ಮಹಿಳೆಯರು ದಿನನಿತ್ಯ ಎದುರಿಸುವ ಸಣ್ಣ ಅಪಾಯ ದೇಶದ ಲೆಕ್ಕದಲ್ಲಿ ಸಣ್ಣದಾಗಿ ಉಳಿಯುವುದಿಲ್ಲ.

ಹಾಗಾದರೆ ಗ್ಯಾಸ್ ಬಂದರೆ ಸಮಸ್ಯೆ ತೀರಿತೇ? ಇಲ್ಲಿ ಸ್ವಲ್ಪ ಎಚ್ಚರದಿಂದ ಮಾತನಾಡಬೇಕಾಗುತ್ತದೆ. ಭಾರತ, ಗ್ವಾಟೆಮಾಲಾ, ಪೆರು ಮತ್ತು ರುವಾಂಡಾ ದೇಶಗಳಲ್ಲಿ ಸುಮಾರು 3,200 ಗರ್ಭಿಣಿಯರನ್ನು ಸೇರಿಸಿಕೊಂಡು ಒಂದು ದೊಡ್ಡ ಪರೀಕ್ಷೆ ನಡೆಯಿತು. ಭಾರತದಲ್ಲಿ ಅದರ ಕ್ಷೇತ್ರ ತಮಿಳುನಾಡಿನ ಹಳ್ಳಿಗಳು. ಚೆನ್ನೈಯ ಶ್ರೀ ರಾಮಚಂದ್ರ ಸಂಸ್ಥೆಯ ವಿಜ್ಞಾನಿಗಳು ಅದರಲ್ಲಿ ಭಾಗಿಗಳು. ಅರ್ಧದಷ್ಟು ಮನೆಗಳಿಗೆ ಗ್ಯಾಸ್ ಒಲೆಯನ್ನೂ 18 ತಿಂಗಳ ಇಂಧನವನ್ನೂ ಉಚಿತವಾಗಿ ಕೊಡಲಾಯಿತು. ಅವರು ಉಸಿರಾಡುವ ಗಾಳಿಯ ಸೂಕ್ಷ್ಮಕಣಗಳು ಸುಮಾರು 24 ಮೈಕ್ರೋಗ್ರಾಮಿಗೆ ಇಳಿದವು; ಕಟ್ಟಿಗೆ ಉರಿಸುತ್ತಿದ್ದವರಲ್ಲಿ ಅದು ಸುಮಾರು 71. ಆದರೂ 2022ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಗರ್ಭಿಣಿಯರ ರಕ್ತದೊತ್ತಡ ಇಳಿದಿರಲಿಲ್ಲ. ಗ್ಯಾಸ್ ಪಡೆದವರಲ್ಲಿಯೇ ಅದು ಒಂದು ಮಿಲಿಮೀಟರಿಗಿಂತ ಕಡಿಮೆ ಅಂತರದಲ್ಲಿ ಹೆಚ್ಚಾಗಿತ್ತು. ಈ ಪರೀಕ್ಷೆಯಲ್ಲಿದ್ದವರು 35 ದಾಟದ ಯುವತಿಯರು, ಅಳತೆ ನಡೆದದ್ದು ಗರ್ಭಧಾರಣೆಯ ಕೆಲವೇ ತಿಂಗಳುಗಳಲ್ಲಿ ಎಂಬುದನ್ನು ನೆನಪಿಡಬೇಕು. ಅದೇನಿದ್ದರೂ, ಗ್ಯಾಸ್ ಒಲೆ ರಕ್ತದೊತ್ತಡದ ಔಷಧಿಯಲ್ಲ. ಅದು ಬಂದಿತೆಂದು ಮಾತ್ರೆ ನಿಲ್ಲಿಸುವುದಾಗಲಿ, ಉಪ್ಪಿನಕಾಯಿ ಹಪ್ಪಳಗಳ ಮಿತಿಯನ್ನು ಮರೆಯುವುದಾಗಲಿ ಸಲ್ಲದು.

ಸೀಮೆಎಣ್ಣೆಯ ವಿಷಯವನ್ನೂ ಇಲ್ಲಿ ಹೇಳಬೇಕು. ಚಾಳಿನ ಒಂದೇ ಕೋಣೆಯಲ್ಲಿ ಬತ್ತಿಯ ಸ್ಟವ್ ಉರಿಸಿ ಸಂಸಾರ ನಡೆಸಿದ ಹಿರಿಯರು ನಮ್ಮ ನಡುವೆ ಇದ್ದಾರೆ. ಕಟ್ಟಿಗೆಗಿಂತ ಅದು ಶುದ್ಧವೆಂದೇ ಆಗ ಎಲ್ಲರ ನಂಬಿಕೆ. ಆದರೆ ವಿಶ್ವ ಆರೋಗ್ಯ ಸಂಸ್ಥೆ 2014ರ ತನ್ನ ಮಾರ್ಗಸೂಚಿಯಲ್ಲಿ ಮನೆಯೊಳಗೆ ಸೀಮೆಎಣ್ಣೆಯನ್ನು ಉರಿಸಬಾರದೆಂದು ಸೂಚಿಸಿತು. ನೈಜೀರಿಯಾದಲ್ಲಿ ಸೀಮೆಎಣ್ಣೆ ಅಥವಾ ಕಟ್ಟಿಗೆ ಬಳಸುತ್ತಿದ್ದ 324 ಗರ್ಭಿಣಿಯರಲ್ಲಿ ಕೆಲವರಿಗೆ ಎಥನಾಲ್ ಒಲೆ ಕೊಟ್ಟು ನೋಡಿದಾಗ, ಹಳೆಯ ಇಂಧನದಲ್ಲೇ ಉಳಿದವರ ಕೆಳಗಿನ ಅಂಕಿ ಗರ್ಭಾವಧಿಯ ಕೊನೆಯಲ್ಲಿ 2.8 ಮಿಲಿಮೀಟರ್ ಹೆಚ್ಚಾಗಿದ್ದುದು ಕಂಡುಬಂತು. ಇದು ಮೇಲಿನ ಪರೀಕ್ಷೆಗಿಂತ ಭಿನ್ನವಾದ ಫಲಿತಾಂಶ. ವಿಜ್ಞಾನದಲ್ಲಿ ಎಲ್ಲ ಸಾಕ್ಷ್ಯಗಳೂ ಒಂದೇ ದಿಕ್ಕಿಗೆ ಬೆರಳು ತೋರಿಸುವುದಿಲ್ಲ.

ದಿಲ್ಲಿಯ ಕನ್ನಡಿಗರಿಗೆ ಚಳಿಗಾಲದ ಸಮಸ್ಯೆ ಬೇರೆ. ಚಳಿಯೇ ರಕ್ತನಾಳಗಳನ್ನು ಬಿಗಿಗೊಳಿಸಿ ಒತ್ತಡವನ್ನು ಏರಿಸುತ್ತದೆ. ಅದರ ಮೇಲೆ ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟರೆ ಸೂಕ್ಷ್ಮಕಣಗಳ ಜೊತೆಗೆ ಕಾರ್ಬನ್ ಮೊನಾಕ್ಸೈಡ್ ಅನಿಲವೂ ತುಂಬಿಕೊಳ್ಳುತ್ತದೆ. ಬಣ್ಣವಿಲ್ಲದ, ವಾಸನೆಯಿಲ್ಲದ ಈ ಅನಿಲ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದೆ. ಮಲಗಿದವರು ಏಳದೇ ಹೋದ ಸುದ್ದಿಯನ್ನು ಚಳಿಗಾಲದಲ್ಲಿ ಓದುತ್ತಲೇ ಇರುತ್ತೇವೆ. ಮನೆಗೆಲಸದವರು, ಕಾವಲುಗಾರರು ತಮ್ಮ ಕೋಣೆಯಲ್ಲಿ ಇದ್ದಿಲು ಉರಿಸುತ್ತಿದ್ದರೆ ಅವರಿಗೊಂದು ಕಂಬಳಿ ಕೊಡಿಸಿ, ಈ ಅಪಾಯವನ್ನು ತಿಳಿಸುವುದು ನಮ್ಮ ಕರ್ತವ್ಯ.

ಇನ್ನು ಊರಿನ ಮನೆಯ ಮಾತು. ಗ್ಯಾಸ್ ಬಂದ ಮೇಲೂ ಒಂದು ಹೊತ್ತು ಕಟ್ಟಿಗೆ ಉರಿದರೆ ಗಾಳಿ ಮತ್ತೆ ಕೆಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿಯಂತೆ ದಿನದ ಸರಾಸರಿ ಮಿತಿ 15 ಮೈಕ್ರೋಗ್ರಾಂ. ಹೊಗೆ ತುಂಬಿದ ಒಂದೆರಡು ಗಂಟೆಗಳೇ ಅದನ್ನು ಮೀರಿಸಬಲ್ಲವು. ಆದುದರಿಂದ ಮೊದಲು ಗಮನಿಸಬೇಕಾದದ್ದು ಬಚ್ಚಲ ಒಲೆಯನ್ನು. ಸೌರ ಹಂಡೆ ಅಥವಾ ವಿದ್ಯುತ್ ಗೀಸರ್ ಹಾಕಿಸಿದರೆ ಮನೆಯ ಹೊಗೆಯ ದೊಡ್ಡ ಪಾಲು ನಿಲ್ಲುತ್ತದೆ. ಕುಚ್ಚಲಕ್ಕಿಗೆ ಪ್ರೆಶರ್ ಕುಕ್ಕರ್ ಬಳಸಬಹುದು. ಕಟ್ಟಿಗೆಯ ಒಲೆ ಬೇಕೇ ಬೇಕೆಂದರೆ ಒಣಗಿದ ಕಟ್ಟಿಗೆಯನ್ನೇ ಉರಿಸಬೇಕು; ಮಾಡಿನಿಂದ ಮೇಲೆ ಹೊರಹೋಗುವ ಚಿಮಣಿ ಇರಬೇಕು; ಅದರ ಮಸಿಯನ್ನು ಆಗಾಗ ತೆಗೆಸಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರ ರೂಪಿಸಿದ ಚಿಮಣಿಯುಳ್ಳ 'ಅಸ್ತ್ರ ಒಲೆ' ಕರ್ನಾಟಕದ ಹಳ್ಳಿಗಳಲ್ಲಿ ಹೆಸರು ಮಾಡಿತ್ತೆಂಬುದನ್ನು ಹಿರಿಯ ಓದುಗರು ಬಲ್ಲರು. ನಗರದ ಗ್ಯಾಸಿನ ಅಡುಗೆಮನೆಯಲ್ಲಿಯೂ ಕಿಟಕಿ ತೆರೆದಿಟ್ಟು ಫ್ಯಾನ್ ಹಾಕಿಕೊಳ್ಳುವುದು ಒಳ್ಳೆಯದು. ಗ್ಯಾಸಿನ ಉರಿಯಿಂದಲೂ ನೈಟ್ರೋಜನ್ ಡೈಆಕ್ಸೈಡ್ ಹೊರಬರುತ್ತದೆ.

ರಕ್ತದೊತ್ತಡವನ್ನು ಅಳೆಯುವಾಗಲೂ ಒಲೆಯನ್ನು ನೆನಪಿಡಬೇಕು. ಬೆಂಕಿಯ ಮುಂದಿನಿಂದ ಎದ್ದು ಬಂದೊಡನೆ ಪಟ್ಟಿ ಕಟ್ಟಬಾರದು. ಬೆನ್ನಿಗೆ ಆಸರೆ ಕೊಟ್ಟು ಐದು ನಿಮಿಷ ಮೌನವಾಗಿ ಕುಳಿತ ಬಳಿಕ ಅಳೆಯಬೇಕು. ಅದಕ್ಕೆ ಅರ್ಧ ಗಂಟೆ ಮೊದಲು ಕಾಫಿ, ಚಹಾ ಬೇಡ. ಅಂಕಿ 140/90 ಅಥವಾ ಅದಕ್ಕಿಂತ ಹೆಚ್ಚಿದ್ದು, ಬೇರೆ ದಿನವೂ ಹಾಗೆಯೇ ಇದ್ದರೆ ವೈದ್ಯರನ್ನು ಕಾಣಲೇಬೇಕು.

ನಮ್ಮ ಸಂಘಸಂಸ್ಥೆಗಳು ನಡೆಸುವ ಆರೋಗ್ಯ ಶಿಬಿರಗಳಲ್ಲಿ ರಕ್ತದೊತ್ತಡ ನೋಡುತ್ತಾರೆ, ಮಧುಮೇಹ ಕೇಳುತ್ತಾರೆ, ತಂಬಾಕು ಸೇವನೆ ವಿಚಾರಿಸುತ್ತಾರೆ. 'ನಿಮ್ಮ ಮನೆಯಲ್ಲಿ ಯಾವುದರಿಂದ ಅಡುಗೆ ಮಾಡುತ್ತೀರಿ, ಸ್ನಾನದ ನೀರನ್ನು ಹೇಗೆ ಕಾಯಿಸುತ್ತೀರಿ?' ಎಂಬ ಪ್ರಶ್ನೆಯನ್ನೂ ಆ ಪಟ್ಟಿಗೆ ಸೇರಿಸಬೇಕು. ಅದಕ್ಕಿಂತ ಮೊದಲು ಆ ಪ್ರಶ್ನೆಯನ್ನು ನಾವು ಈ ವಾರವೇ ಊರಿಗೆ ಫೋನ್ ಮಾಡಿ ನಮ್ಮ ತಾಯಂದಿರಿಗೆ, ಅತ್ತಿಗೆಯರಿಗೆ ಕೇಳಬಹುದು.