ಸದ್ದು ನುಂಗುವ ಹೆಡ್‌ಫೋನಿನ ಹಸಿವು

ಇಂಜಿನಿಯರಿಂಗ್ ಓದುತ್ತಿರುವ ನಮ್ಮ ಅಕ್ಕನ ಮಗನು ಕಳೆದ ಬೇಸಿಗೆಯಲ್ಲಿ ಒಂದು ಹೆಡ್‌ಫೋನನ್ನು ತಂದು ನನ್ನ ಮೇಜಿನ ಮೇಲಿಟ್ಟು ನಿಡುಸುಯ್ದನು. ಹಾಸ್ಟೆಲಿನ ಗದ್ದಲದಲ್ಲಿ ಓದು ಸಾಗದೆ, ವಿದ್ಯಾರ್ಥಿವೇತನವನ್ನು ತಿಂಗಳುಗಟ್ಟಲೆ ಕೂಡಿಟ್ಟು ಕೊಂಡ, ಹೊರಗಿನ ಸದ್ದನ್ನು ಅಡಗಿಸುವ ಬಗೆಯ ಉಪಕರಣವದು. ಪರೀಕ್ಷೆ ಮುಗಿದ ಮೇಲೆ ಪೆಟ್ಟಿಗೆಗೆ ಸೇರಿಸಿ ಎಂಟು ತಿಂಗಳು ಮುಟ್ಟಿರಲಿಲ್ಲ. ಈಗ ರಾತ್ರಿಯೆಲ್ಲ ಚಾರ್ಜಿಗೆ ಇಟ್ಟರೂ ಅದರ ದೀಪ ಹತ್ತದು. ಮಾರಿದವರನ್ನು ವಿಚಾರಿಸಿದರೆ, ಬ್ಯಾಟರಿ ಬದಲಿಸುವ ಏರ್ಪಾಡಿಲ್ಲ, ಹೊಸದನ್ನೇ ಕೊಳ್ಳಿ ಎಂಬ ಉತ್ತರ ದೊರೆಯಿತಂತೆ. “ಮಾಮ, ಬಳಸದೆ ಜೋಪಾನವಾಗಿ ಇಟ್ಟದ್ದೇ ತಪ್ಪಾಯಿತೆ?” ಎಂದು ಕೇಳಿದನು. ಈ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಮೊದಲು ಆ ಉಪಕರಣದ ಹಸಿವನ್ನು ತಿಳಿಯಬೇಕು.

ಶಬ್ದವೆಂಬುದು ಗಾಳಿಯ ಒತ್ತಡದಲ್ಲಿ ಉಂಟಾಗುವ ಏರಿಳಿತ. ಒಂದು ತರಂಗದ ಉಬ್ಬು ಇರುವೆಡೆಯಲ್ಲಿ ಅಷ್ಟೇ ಪ್ರಮಾಣದ ಮತ್ತೊಂದು ತರಂಗದ ತಗ್ಗನ್ನು ತಂದು ಕೂಡಿಸಿದರೆ ಎರಡೂ ಪರಸ್ಪರ ಅಳಿದುಹೋಗುತ್ತವೆ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯುವಂತೆ ಸದ್ದನ್ನು ಸದ್ದಿನಿಂದಲೇ ತೆಗೆಯುವ ಈ ವಿಚಾರಕ್ಕೆ ಜರ್ಮನಿಯ ಪೌಲ್ ಲ್ಯೂಗ್ ಎಂಬವರು ೧೯೩೬ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು. ಅದನ್ನು ಕಿವಿಯ ಮೇಲಿನ ಸಾಧನವಾಗಿ ಮಾಡಿ ರೂಢಿಗೆ ತಂದವರಲ್ಲಿ ಪ್ರಮುಖರು ಅಮರ್ ಬೋಸ್. ಬಂಗಾಳದಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ್ದವರೊಬ್ಬರ ಮಗ. ೧೯೭೮ರಲ್ಲಿ ಜ್ಯೂರಿಕ್ ನಗರದಿಂದ ಬಾಸ್ಟನ್ನಿಗೆ ವಿಮಾನದಲ್ಲಿ ಹೋಗುತ್ತಿದ್ದಾಗ, ಎಂಜಿನ್ನಿನ ಮೊರೆತದಿಂದ ಸಂಗೀತ ಕೇಳಿಸದೆ ಬೇಸತ್ತು, ಅಲ್ಲಿಯೇ ಕಾಗದದ ಮೇಲೆ ಲೆಕ್ಕ ಹಾಕತೊಡಗಿದರಂತೆ. ವಿಮಾನ ಚಾಲಕರಿಗಾಗಿ ಅವರ ಸಂಸ್ಥೆಯ ಹೆಡ್‌ಸೆಟ್ ಮಾರಾಟಕ್ಕೆ ಬಂದದ್ದು ೧೯೮೯ರಲ್ಲಿ. ಸಂಕಲ್ಪಕ್ಕೂ ಸಿದ್ಧಿಗೂ ನಡುವೆ ಹನ್ನೊಂದು ವರ್ಷ!

ಕಷ್ಟವಿರುವುದು ಕಾಲದಲ್ಲಿ. ಸೂಕ್ಷ್ಮ ಮೈಕ್ರೊಫೋನು ಹೊರಗಿನ ಸದ್ದನ್ನು ಗ್ರಹಿಸಿ, ಒಳಗಿನ ಗಣಕಬಿಲ್ಲೆಯು ಪ್ರತಿಶಬ್ದವನ್ನು ರಚಿಸಿ, ಧ್ವನಿಸಾಧನವು ಅದನ್ನು ನುಡಿಸುವಷ್ಟರಲ್ಲಿ ಒಂದು ಸೆಕೆಂಡಿನ ಹತ್ತು ಸಾವಿರದಲ್ಲೊಂದು ಪಾಲು ತಡವಾಯಿತೆಂದು ಇಟ್ಟುಕೊಳ್ಳೋಣ. ಸೆಕೆಂಡಿಗೆ ೧೦೦ ಸಲ ಕಂಪಿಸುವ ಎಂಜಿನ್ನಿನ ಗುಂಯ್‌ಗುಟ್ಟುವಿಕೆಯಲ್ಲಿ ಈ ತಡವು ಒಂದು ಕಂಪನದ ನೂರನೆಯ ಒಂದಂಶ ಮಾತ್ರ, ಲೆಕ್ಕಕ್ಕಿಲ್ಲ. ಆದರೆ ೫,೦೦೦ ಸಲ ಕಂಪಿಸುವ ಕೀರಲು ಸದ್ದಿಗೆ ಅದೇ ತಡವು ಅರ್ಧ ಕಂಪನವಾಗುತ್ತದೆ. ಆಗ ಉಬ್ಬಿನ ಮೇಲೆ ತಗ್ಗಿನ ಬದಲು ಉಬ್ಬೇ ಬಿದ್ದು ಸದ್ದು ಇಮ್ಮಡಿಸೀತು! ಆದ್ದರಿಂದ ಕೀರಲು ಸದ್ದುಗಳನ್ನು ತಡೆಯುವ ಕೆಲಸವನ್ನು ಕಿವಿಯ ಸುತ್ತಲಿನ ಮೆತ್ತೆಗೆ ಬಿಟ್ಟಿರುತ್ತಾರೆ. ವಿಮಾನದ ಮೊರೆತ ಅಡಗಿದರೂ ಪಕ್ಕದ ಆಸನದ ಕೂಸಿನ ಅಳು ಕೇಳಿಸುವುದೇಕೆಂಬುದು ಇದರಿಂದ ವಿಶದವಾಗುತ್ತದೆ.

ಈ ಕಾರ್ಯವು ಕ್ಷಣಮಾತ್ರವೂ ನಿಲ್ಲುವಂತಿಲ್ಲ. ಸಂಗೀತ ನುಡಿಯದಿದ್ದರೂ ಮೈಕ್ರೊಫೋನೂ ಗಣಕಬಿಲ್ಲೆಯೂ ಎಚ್ಚರವಾಗಿಯೇ ಇರಬೇಕು. ಆದರೂ ಈ ಹಸಿವು ಎಷ್ಟು ಮಿತವಾದುದೆಂದು ನೋಡಿ. ದೊಡ್ಡ ಹೆಡ್‌ಫೋನಿನಲ್ಲಿ ೫೦೦ ಮಿಲಿ ಆಂಪಿಯರ್-ಗಂಟೆಯ, ೩.೭ ವೋಲ್ಟಿನ ಕೋಶವಿದ್ದರೆ ಅದರಲ್ಲಿ ಅಡಕವಾಗಿರುವ ಶಕ್ತಿ ೧.೮೫ ವಾಟ್-ಗಂಟೆ. ಅದು ೩೦ ಗಂಟೆ ನಡೆದರೆ ವೆಚ್ಚವಾಗುವುದು ಸುಮಾರು ೬೦ ಮಿಲಿವಾಟ್. ಹಿಂದಿನ ಕಾಲದ ಟಾರ್ಚಿನ ಬಲ್ಬೊಂದು ಇದರ ಹನ್ನೆರಡರಷ್ಟನ್ನು ನುಂಗುತ್ತಿತ್ತು. ಕಿವಿಯೊಳಗೇ ಸಿಕ್ಕಿಸುವ ಗುಂಡಿಯಂತಹ ಸಾಧನಗಳಲ್ಲಿ ಕೋಶಕ್ಕೆ ದೊರೆಯುವ ಸ್ಥಳ ಇದರ ಹತ್ತನೆಯ ಒಂದಂಶ. ಅವು ಕೆಲವೇ ಗಂಟೆಗಳಲ್ಲಿ ಬಳಲುವುದು ಸಹಜ.

ಇನ್ನು ಕೋಶದ ವಿಚಾರ. ಮಾರುಕಟ್ಟೆಗೆ ೧೯೯೧ರಲ್ಲಿ ಬಂದ ಲಿಥಿಯಂ ಅಯಾನು ಕೋಶವನ್ನು ರೂಪಿಸಿದುದಕ್ಕಾಗಿ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಎಂಬ ಮೂವರು ೨೦೧೯ರಲ್ಲಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು. ಚಾರ್ಜ್ ಮಾಡುವಾಗ ಲಿಥಿಯಂ ಅಯಾನುಗಳು ಗ್ರಾಫೈಟಿನ ಪದರಗಳ ನಡುವೆ ಹೋಗಿ ಕುಳಿತುಕೊಳ್ಳುತ್ತವೆ; ಬಳಸುವಾಗ ಮರಳುತ್ತವೆ. ಖಾಲಿ ಬಸ್ಸಿಗೆ ಜನ ಬೇಗ ಹತ್ತುತ್ತಾರೆ, ತುಂಬುತ್ತ ಬಂದಂತೆ ಒಬ್ಬೊಬ್ಬರೇ ನುಸುಳಬೇಕಾಗುತ್ತದೆ. ಅದರಂತೆಯೇ ಚಾರ್ಜರು ಮೊದಲು ಧಾರಾಳವಾಗಿ ಪ್ರವಾಹವನ್ನು ಕೊಟ್ಟು, ಕೋಶವು ೪.೨ ವೋಲ್ಟ್ ಮುಟ್ಟಿದೊಡನೆ ಅದನ್ನು ಕ್ರಮೇಣ ತಗ್ಗಿಸುತ್ತದೆ. ಕೊನೆಯ ಐದನೆಯ ಒಂದು ಭಾಗ ತುಂಬಲು ತಾಳ್ಮೆಗೆಡಿಸುವಷ್ಟು ಹೊತ್ತು ಹಿಡಿಯುವುದು ಇದರಿಂದಲೇ.

ಗ್ರಾಫೈಟಿನ ಮೇಲೆ ಬೆಳೆಯುವ ತೆಳುಪೊರೆಯೊಂದು ಲಿಥಿಯಮ್ಮನ್ನು ಅಲ್ಪಸ್ವಲ್ಪವಾಗಿ ಕಬಳಿಸುತ್ತಿರುತ್ತದೆ. ಬಳಸದಿದ್ದರೂ ಕೋಶಕ್ಕೆ ಮುಪ್ಪು ತಪ್ಪದು. ಬಿಸಿಲಿನ ತಾಪ, ತುಂಬಿದ ಹೊಟ್ಟೆ ಎರಡೂ ಸೇರಿದರೆ ಮುಪ್ಪು ಬೇಗ ಬರುತ್ತದೆ. ಪೂರ್ತಿ ಬರಿದಾಗಿ ಬಿಟ್ಟರೆ ಬೇರೊಂದು ವಿಪತ್ತು: ಕೋಶದ ವಿಭವವು ಸುಮಾರು ೨.೫ ವೋಲ್ಟಿಗಿಂತ ಇಳಿದಾಗ ರಕ್ಷಣಾ ಮಂಡಲವು ಬಾಗಿಲು ಮುಚ್ಚಿಬಿಡುತ್ತದೆ. ಇನ್ನೂ ಬಹಳ ಇಳಿದರೆ ಒಳಗಿನ ತಾಮ್ರದ ಹಾಳೆಯೇ ಕರಗತೊಡಗುವುದರಿಂದ ಅಂತಹ ಕೋಶವನ್ನು ಎಬ್ಬಿಸುವುದು ಅಪಾಯಕರ. ಬಹುಕಾಲ ಇಡುವುದಾದರೆ ಅರ್ಧ ತುಂಬಿಸಿ, ತಂಪಾದ ಎಡೆಯಲ್ಲಿಟ್ಟು, ಎರಡು ಮೂರು ತಿಂಗಳಿಗೊಮ್ಮೆ ನೋಡಿಕೊಳ್ಳುವುದು ಲೇಸು. ನಮ್ಮ ಹುಡುಗನು ಬರಿದಾಗಿದ್ದಾಗಲೇ ಅದನ್ನು ಪೆಟ್ಟಿಗೆಗೆ ಸೇರಿಸಿದ್ದನು.

ಆದರೆ ತಪ್ಪೆಲ್ಲ ಅವನದಾಗಿರಲಿಲ್ಲ. ಅವನು ಬಳಸಿದ್ದು ಎರಡೂ ತುದಿಗಳಲ್ಲಿ ಟೈಪ್-ಸಿ ಮೂತಿಯಿರುವ ಹೊಸ ಕೇಬಲ್. ಆ ಬದಿಯಲ್ಲಿ ೫.೧ ಕಿಲೊ ಓಮ್ ರೋಧವಿರುವ ಉಪಕರಣವಿದೆಯೆಂದು ಖಚಿತವಾಗುವವರೆಗೆ ಇಂತಹ ಚಾರ್ಜರು ವಿದ್ಯುತ್ತನ್ನೇ ಬಿಡುವುದಿಲ್ಲ. ಕೆಲವು ತಯಾರಕರು ಪೈಸೆ ಬೆಲೆಯ ಆ ರೋಧಕವನ್ನು ಕೈಬಿಟ್ಟಿರುತ್ತಾರೆ. ಚಾರ್ಜರೂ ಸರಿ, ಕೇಬಲೂ ಸರಿ, ಆದರೂ ದೀಪ ಹತ್ತದು. ಇದು ಉಳಿತಾಯವಲ್ಲ, ಉದಾಸೀನವೆಂದೇ ನನ್ನ ಅಭಿಪ್ರಾಯ. ಒಂದು ತುದಿಯಲ್ಲಿ ಅಗಲ ಮೂತಿಯಿರುವ ಹಳೆಯ ಬಗೆಯ ಕೇಬಲಿನಲ್ಲಿ ಹೀಗೆ ವಿಚಾರಿಸುವ ಕ್ರಮವಿಲ್ಲ; ಅದರ ಚಾರ್ಜರು ೫ ವೋಲ್ಟನ್ನು ಸದಾ ಕೊಡುತ್ತಿರುತ್ತದೆ.

ಹಿಂದಿನ ಹೆಡ್‌ಫೋನುಗಳಲ್ಲಿ ಕೆಲವಕ್ಕೆ ಅಂಗಡಿಯಲ್ಲಿ ಸಿಗುವ ಸಣ್ಣ ಒಣಕೋಶವೊಂದು ಸಾಕಾಗಿತ್ತು. ಮುಗಿದೊಡನೆ ತೆಗೆದು ಬೇರೊಂದನ್ನು ಹಾಕಬಹುದಾಗಿತ್ತು. ಈಗ ಕೋಶವನ್ನು ಅಂಟುಹಾಕಿ ಮುಚ್ಚುವುದರಿಂದ, ಅದು ಮುಪ್ಪಾದಾಗ ಉಳಿದೆಲ್ಲ ಅಂಗಗಳು ಗಟ್ಟಿಯಾಗಿದ್ದರೂ ಉಪಕರಣವೇ ಕಸಕ್ಕೆ ಹೋಗಬೇಕಾಗಿದೆ. ಬಳಸುವವರೇ ಕೋಶವನ್ನು ಬದಲಿಸುವಂತಿರಬೇಕೆಂದು ಐರೋಪ್ಯ ಒಕ್ಕೂಟವು ೨೦೨೩ರಲ್ಲಿ ಕಾನೂನು ಮಾಡಿದೆ. ಈ ನಿಯಮ ಜಾರಿಗೆ ಬರಲು ಗೊತ್ತುಪಡಿಸಿರುವ ದಿನ ೨೦೨೭ರ ಫೆಬ್ರವರಿ ೧೮.

ನಾನು ಹಳೆಯ ಚಾರ್ಜರನ್ನೂ ಅಗಲ ಮೂತಿಯ ಕೇಬಲನ್ನೂ ಹುಡುಕಿ ತೆಗೆದು ಜೋಡಿಸಿದೆ. ಇಪ್ಪತ್ತು ನಿಮಿಷ ಏನೂ ಆಗಲಿಲ್ಲ. ಬಳಲಿದ ಕೋಶಕ್ಕೆ ಮೊದಲು ಗುಟುಕು ಗುಟುಕಾಗಿಯೇ ಪ್ರವಾಹವನ್ನು ಕೊಡುವ ಕ್ರಮವುಂಟಷ್ಟೆ. ಕೋಶ ಬಿಸಿಯಾದೀತೇ, ಊದೀತೇ ಎಂದು ಇಬ್ಬರೂ ಪಕ್ಕದಲ್ಲೇ ಕಾದು ಕುಳಿತೆವು. ಕೊನೆಗೆ ಕೆಂಪು ದೀಪವೊಂದು ಮಿಣುಕಿತು. ಮೊದಲು ೩೦ ಗಂಟೆ ನಡೆಯುತ್ತಿದ್ದುದು ಈಗ ೧೯ ಗಂಟೆಗೇ ನಿಲ್ಲುತ್ತದೆಂದು ಹುಡುಗನು ಮೊನ್ನೆ ಲೆಕ್ಕ ಒಪ್ಪಿಸಿದನು.