ಗಡಿನಾಡಿನ ಶಾಲಾ ಮಕ್ಕಳ ಪೋಷಣ ಸಾಕ್ಷರತೆ: ರಾಯದುರ್ಗ, ಮಡಕಶಿರಾ ತಾಲ್ಲೂಕುಗಳ ನೆಲೆಯಲ್ಲಿ

ಅವಿಭಜಿತ ಅನಂತಪುರ ಜಿಲ್ಲೆಯ ರಾಯದುರ್ಗ ಮತ್ತು ಮಡಕಶಿರಾ ತಾಲ್ಲೂಕುಗಳು ಕನ್ನಡ ಮಾತೃಭಾಷಿಕರು ಗಣನೀಯವಾಗಿ ನೆಲೆಸಿರುವ ಪ್ರದೇಶಗಳು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾಗುವವರೆಗೆ ರಾಯದುರ್ಗವು ಬಳ್ಳಾರಿ ಜಿಲ್ಲೆಯಲ್ಲಿತ್ತು. ಮೂರು ದಿಕ್ಕುಗಳಲ್ಲಿ ಕರ್ನಾಟಕದಿಂದ ಆವೃತವಾದ ಮಡಕಶಿರಾ 2022ರಲ್ಲಿ ಹೊಸ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಇಲ್ಲಿನ ಕನ್ನಡ ಶಾಲೆಗಳ ಕುರಿತ ಚರ್ಚೆ ಬಹುತೇಕ ಶಿಕ್ಷಕರ ನೇಮಕ, ಪಠ್ಯಪುಸ್ತಕಗಳ ಪೂರೈಕೆಗಳಲ್ಲಿಯೇ ನಿಲ್ಲುತ್ತದೆ. ಭಾಷೆಯ ಪ್ರಶ್ನೆ ಮಕ್ಕಳ ಊಟದ ತಟ್ಟೆಯವರೆಗೂ ಬರುತ್ತದೆ ಎಂಬುದು ಅಷ್ಟಾಗಿ ಗಮನ ಸೆಳೆದಿಲ್ಲ.

ಪೋಷಣ ಸಾಕ್ಷರತೆಯೆಂದರೆ ಆಹಾರಕ್ಕೆ ಸಂಬಂಧಿಸಿದ ಮಾಹಿತಿಯನ್ನು ಪಡೆದು, ಅರ್ಥೈಸಿಕೊಂಡು, ಅದರಂತೆ ಆಯ್ಕೆ ಮಾಡಬಲ್ಲ ಸಾಮರ್ಥ್ಯ. ಆರೋಗ್ಯ ಸಾಕ್ಷರತೆಗೆ ಡಾನ್ ನಟ್‌ಬೀಮ್ 2000ದಲ್ಲಿ ಸೂಚಿಸಿದ ಮೂರು ಹಂತಗಳನ್ನು ಇದಕ್ಕೂ ಅನ್ವಯಿಸುವುದುಂಟು: ಓದಿ ತಿಳಿಯುವುದು, ಇತರರೊಡನೆ ಚರ್ಚಿಸಿ ಬಳಸುವುದು, ವಿಮರ್ಶಿಸಿ ನಿರ್ಧರಿಸುವುದು. ಗಡಿನಾಡಿನ ಮಗುವಿಗೆ ಮೊದಲ ಹಂತವೇ ತೊಡಕಿನದು. ಮನೆಯ ಮಾತು ಕನ್ನಡ, ಆಸ್ಪತ್ರೆಯ ಗೋಡೆಬರಹ ತೆಲುಗು, ಬಿಸ್ಕತ್ತು ಪೊಟ್ಟಣದ ಮೇಲಿನ ಅಕ್ಷರ ಇಂಗ್ಲಿಷ್.

ಪದಗಳನ್ನೇ ನೋಡೋಣ. ತೆಲುಗಿನ ‘ಕೊವ್ವು’ ಕನ್ನಡದ ‘ಕೊಬ್ಬು’ ಎಂದು ಸುಲಭವಾಗಿ ತಿಳಿಯುತ್ತದೆ. ಆದರೆ ಪ್ರೋಟೀನಿಗೆ ತೆಲುಗಿನಲ್ಲಿ ‘ಮಾಂಸಕೃತ್ತುಲು’ ಎನ್ನುತ್ತಾರೆ. ಇದನ್ನು ಕೇಳಿದ ಕನ್ನಡದ ವಿದ್ಯಾರ್ಥಿ ಅದು ಮಾಂಸದಲ್ಲಿ ಮಾತ್ರ ದೊರೆಯುವ ವಸ್ತುವೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ತನ್ನ ಹೊಲದ ಶೇಂಗಾದಲ್ಲಿ ತೂಕದ ಸುಮಾರು ಕಾಲುಭಾಗ ಪ್ರೋಟೀನೇ ಇದೆಯೆಂಬುದು ಆಗ ಮರೆಯಾಗುತ್ತದೆ. ಶೇಂಗಾ ಬೆಳೆಗೆ ಹೆಸರಾದ ಜಿಲ್ಲೆಯಲ್ಲಿ ಇದು ಸಣ್ಣ ಮಾತಲ್ಲ! ಕನ್ನಡ ಪಠ್ಯದ ‘ಸಸಾರಜನಕ’ವೂ ಮನೆಯಲ್ಲಿ ಯಾರೂ ಆಡದ ಪದವೇ. ‘ಮುನಗಾಕು’ ತಿನ್ನಿರೆಂಬ ಸಲಹೆ ನುಗ್ಗೆಸೊಪ್ಪಾಗಿ ಅಡುಗೆಮನೆ ತಲುಪಬೇಕಾದರೆ ನಡುವೆ ಯಾರಾದರೂ ಅನುವಾದಿಸಬೇಕು. ಆ ಕೆಲಸ ಸಾಮಾನ್ಯವಾಗಿ ಮಗುವಿನ ಪಾಲಿಗೇ ಬರುತ್ತದೆ.

ಈ ಅಂತರದ ಪರಿಣಾಮ ಹೆಚ್ಚು ತಟ್ಟುವುದು ಹದಿಹರೆಯದ ಹುಡುಗಿಯರಿಗೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ಶೇ. 59ರಷ್ಟು ಮಂದಿಗೆ ರಕ್ತಹೀನತೆಯಿದೆ. ಶಾಲೆಗಳಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶವೂ 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವೂ ಇರುತ್ತವೆ. ಅದನ್ನು ಊಟದ ನಂತರ ನುಂಗಬೇಕು. ಮಲ ಕಪ್ಪಾದರೆ ಅದು ಸಹಜ. ಇಷ್ಟನ್ನು ಅರ್ಥವಾಗುವ ಮಾತಿನಲ್ಲಿ ಹೇಳದಿದ್ದರೆ ಹುಡುಗಿ ಹೆದರುತ್ತಾಳೆ, ಮಾತ್ರೆ ಚೀಲದಲ್ಲಿ ಉಳಿಯುತ್ತದೆ. ‘ಇನುಮು’ ಎಂಬ ತೆಲುಗು ಪದಕ್ಕೂ ‘ಕಬ್ಬಿಣ’ಕ್ಕೂ ಧ್ವನಿಸಾಮ್ಯವೇ ಇಲ್ಲವೆಂಬುದನ್ನು ಇಲ್ಲಿ ನೆನೆಯಬಹುದು.

ಎಲ್ಲವನ್ನೂ ಭಾಷೆಯ ಮೇಲೆ ಹೊರಿಸುವುದೂ ಸರಿಯಲ್ಲ. 1983ರಲ್ಲಿ ಆಂಧ್ರಪ್ರದೇಶದಲ್ಲಿ ಕಿಲೋಗೆ ಎರಡು ರೂಪಾಯಿಯ ಅಕ್ಕಿ ಯೋಜನೆ ಬಂತು. ಅದು ಹಸಿವನ್ನು ನೀಗಿತು. ಜೊತೆಗೆ ಒಣನಾಡಿನ ಮುದ್ದೆಯ ಜಾಗಕ್ಕೆ ಅನ್ನ ಬರಲು ದಾರಿಯನ್ನೂ ಮಾಡಿತು. 100 ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ, ಅಷ್ಟೇ ಪಾಲಿಶ್ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂ ಸಹ ದೊರೆಯುವುದು ಕಷ್ಟ. ಅನ್ನ ಗೌರವದ ಊಟ, ಮುದ್ದೆ ಬಡವರ ಊಟ ಎಂಬ ಭಾವನೆ ಪಠ್ಯಪುಸ್ತಕಕ್ಕಿಂತ ಬಲವಾದದ್ದು. 2023ರ ಮಾರ್ಚ್‌ನಲ್ಲಿ ರಾಜ್ಯದ ಶಾಲೆಗಳಿಗೆ ರಾಗಿ ‘ಜಾವ’ ಬಂದಾಗ, ಅಜ್ಜಿ ಕಾಸುತ್ತಿದ್ದ ಗಂಜಿಯೇ ಸರಕಾರಿ ಮಾನ್ಯತೆ ಪಡೆದು ಮರಳಿದಂತಾಯಿತು. ಇದು ಮನೆಯದೇ ಆಹಾರವೆಂದು ಗುರುತಿಸಿ ಹೇಳುವ ಶಿಕ್ಷಕರಿದ್ದರೆ ಪಾಠ ಅಲ್ಲಿಂದಲೇ ಆರಂಭವಾಗಬಹುದು.

ತಿಳಿದದ್ದನ್ನು ಆಚರಿಸುವ ಸ್ವಾತಂತ್ರ್ಯ ಬೇರೆಯೇ ಮಾತು. ಮನೆಯಲ್ಲಿ ಏನು ಬೇಯಬೇಕೆಂಬುದನ್ನು ಹದಿಮೂರರ ಹುಡುಗಿ ನಿರ್ಧರಿಸುವುದಿಲ್ಲ. ಎಲ್ಲರೂ ಉಂಡ ಮೇಲೆ ಅವಳು ಉಣ್ಣುವ ಮನೆಗಳೂ ಇವೆ. ಮಳೆ ಕೈಕೊಟ್ಟ ವರ್ಷ ಸೊಪ್ಪು, ಬೇಳೆಗಳೇ ಮೊದಲು ಕಡಿಮೆಯಾಗುತ್ತವೆ. ಆದರೆ ಖರ್ಚಿಲ್ಲದ ಕೆಲವು ಬದಲಾವಣೆಗಳು ಅವಳ ಕೈಯಲ್ಲಿಯೂ ಇವೆ. ಊಟದೊಡನೆ ಚಹಾ ಕುಡಿದರೆ ಕಬ್ಬಿಣಾಂಶ ದೇಹಕ್ಕೆ ಹತ್ತುವುದು ಕಡಿಮೆಯಾಗುತ್ತದೆ, ಸೊಪ್ಪಿನ ಸಾರಿಗೆ ನಿಂಬೆಹುಳಿ ಹಿಂಡಿದರೆ ಹೆಚ್ಚುತ್ತದೆ. ಇದನ್ನು ಅವಳು ತಾಯಿಗೆ ಹೇಳುವುದು ಕನ್ನಡದಲ್ಲಿಯೇ.